ಕಾರೇ ಬರದ ಜಲ್ಲಿ ದಾರಿ: ಫಾಲ್ಟ್ಸ್ ಕಾಡಿಂದ ದ್ರಾಕ್ಷಿ ತೋಟದವರೆಗೆ

ಬೆಂಗಳೂರು ಕಡೆ ಸೈಕಲ್ ತುಳಿದು ಬೆಳೆದೋರಿಗೆ ಒಂದು ಅಭ್ಯಾಸ ಇರತ್ತೆ, ಕಣ್ಣು ಮುಂದೆ ಇದ್ರೂ ಕಿವಿ ಮಾತ್ರ ಯಾವಾಗ್ಲೂ ಹಿಂದೆ. ಬರ್ತಿರೋದು ಬಸ್ಸಾ, ಟಿಪ್ಪರ್ರಾ, ಏರ್‌ಪೋರ್ಟ್‌ಗೆ ಹೊರಟಿರೋ ಕ್ಯಾಬಾ ಅಂತ ಶಬ್ದದಲ್ಲೇ ಗೊತ್ತು ಮಾಡ್ಕೊಂಡು ಎಷ್ಟು ಪಕ್ಕಕ್ಕೆ ಸರೀಬೇಕು ಅಂತ ಲೆಕ್ಕ ಹಾಕ್ತಾನೇ ತುಳೀತೀವಿ, ಅದು ಎಷ್ಟು ಮೈಗೂಡಿರತ್ತೆ ಅಂದ್ರೆ ಅದಕ್ಕೂ ಶಕ್ತಿ ಖರ್ಚಾಗ್ತಿದೆ ಅನ್ನೋದೇ ನಮಗೆ ಗೊತ್ತಿರಲ್ಲ. ನನಗೂ ಗೊತ್ತಿರ್ಲಿಲ್ಲ. ಜರ್ಮನಿಗೆ ಬಂದು, ಇಲ್ಲಿನ ಕಾಡೊಳಗಿನ ಜಲ್ಲಿ ರಸ್ತೆಗಳಲ್ಲಿ ಗಂಟೆಗಟ್ಟಲೆ ತುಳಿದ ಮೇಲೇನೇ ಆ ಕಿವಿ ನಿಧಾನಕ್ಕೆ ಹಿಂದಿಂದ ಮುಂದಕ್ಕೆ ಬಂತು.

ನಾನಿರೋದು ಮಾನ್‌ಹೈಮ್‌ನಲ್ಲಿ. ರೈನ್ ನದಿ ದಾಟಿದ್ರೆ ಆ ಕಡೆ ಫಾಲ್ಟ್ಸ್ ಸೀಮೆ. ಶನಿವಾರ ಬೆಳಗ್ಗೆ ಎಸ್-ಬಾನ್ ಟ್ರೈನ್‌ಗೆ ಸೈಕಲ್ ಹತ್ತಿಸ್ಕೊಂಡ್ರೆ, ವಾರಾಂತ್ಯದಲ್ಲಿ ಸೈಕಲ್‌ಗೆ ಬೇರೆ ಟಿಕೆಟ್ಟೂ ಬೇಡ, ಅರ್ಧ ಗಂಟೆ ಆಸುಪಾಸಿನಲ್ಲಿ ನೊಯ್‌ಷ್ಟಾಟ್ ಅನ್ನೋ ಊರು ಬರತ್ತೆ. ಊರಿನ ಬೆನ್ನಿಗೆ ಬೆಟ್ಟ, ಬೆಟ್ಟದ ಮೇಲೆಲ್ಲಾ ಕಾಡು, ಊರಿನ ಮುಂದೆ ಕಣ್ಣು ಹಾಯೋವಷ್ಟು ದೂರ ದ್ರಾಕ್ಷಿ. ಈ ಕಾಡಿನ ಹೆಸರು ಫೆಲ್ಟ್ಸರ್‌ವಾಲ್ಡ್. ಜರ್ಮನಿಲಿ ತುಂಡಾಗದೆ ಒಂದೇ ಹರವಾಗಿ ಉಳಿದಿರೋ ಕಾಡುಗಳಲ್ಲಿ ಇದು ಅತಿ ದೊಡ್ಡದು ಅಂತಾರೆ, ಇಲ್ಲಿನ ನೇಚರ್ ಪಾರ್ಕ್ ಸುಮಾರು 1,800 ಚದರ ಕಿ.ಮೀ. ಇದೆ. 1992ರಲ್ಲಿ ಯುನೆಸ್ಕೋ ಇದನ್ನ ಜೀವಗೋಳ ಮೀಸಲು ಪ್ರದೇಶ ಅಂತ ಗುರುತಿಸ್ತು, 1998ರಲ್ಲಿ ಗಡಿಯಾಚೆ ಫ್ರಾನ್ಸ್‌ನ ಉತ್ತರ ವೋಜ್ ಬೆಟ್ಟಗಳನ್ನೂ ಸೇರಿಸಿ ಎರಡು ದೇಶದ ಒಂದೇ ಮೀಸಲು ಪ್ರದೇಶ ಮಾಡಿದ್ರು.

ಕಾಡೂ ದ್ರಾಕ್ಷಿನೂ ಇಷ್ಟು ಹತ್ತಿರ ಯಾಕಿವೆ ಅನ್ನೋದಕ್ಕೆ ಉತ್ತರ ನೆಲದೊಳಗಿದೆ. ಬೆಟ್ಟ ಪೂರ್ತಿ ಕೆಂಪು ಮರಳುಗಲ್ಲು. ಅದರ ಮೇಲಿನ ಮಣ್ಣು ಬಡ ಮಣ್ಣು, ನೀರು ನಿಲ್ಲಲ್ಲ, ಸಾರ ಇಲ್ಲ, ಹೊಲ ಮಾಡಿದ್ರೆ ಹೊಟ್ಟೆ ತುಂಬಲ್ಲ, ಹಾಗಾಗಿ ಅಲ್ಲಿ ಕಾಡು ಕಾಡಾಗೇ ಉಳೀತು. ಪೂರ್ವಕ್ಕೆ ರೈನ್ ಕಣಿವೆ ಇರೋ ಜಾಗದಲ್ಲಿ ಬಹಳ ಹಿಂದೆ ಭೂಮಿನೇ ಬಿರುಕು ಬಿಟ್ಟು ಕೆಳಗೆ ಕುಸಿದಿದೆ, ಆ ಅಂಚನ್ನ ಹಾರ್ಟ್ ಅಂತಾರೆ. ಪಶ್ಚಿಮದಿಂದ ಬರೋ ಮೋಡ ಬೆಟ್ಟದ ಮೇಲೇನೇ ಮಳೆ ಸುರಿದು ಖಾಲಿಯಾಗತ್ತೆ, ಅಂಚಿನ ಈ ಕಡೆಗೆ ಬಿಸಿಲು ಜಾಸ್ತಿ, ಮಳೆ ಕಮ್ಮಿ. ಅಂಜೂರ, ಬಾದಾಮಿ ಎಲ್ಲಾ ಇಲ್ಲಿ ಬಯಲಲ್ಲೇ ಬೆಳೆಯತ್ತೆ, ಮಾರ್ಚ್ ಹೊತ್ತಿಗೆ ಗಿಮೆಲ್‌ಡಿಂಗೆನ್ ಊರಲ್ಲಿ ಬಾದಾಮಿ ಮರಗಳು ಹೂ ಬಿಟ್ಟು ರಸ್ತೆ ಎರಡೂ ಕಡೆ ಗುಲಾಬಿ ಬಣ್ಣ. ಫಾಲ್ಟ್ಸ್‌ನಲ್ಲಿ ದ್ರಾಕ್ಷಿ ತೋಟನೇ 23,000 ಹೆಕ್ಟೇರ್‌ಗೂ ಹೆಚ್ಚಿದೆ, ರೀಸ್ಲಿಂಗ್ ಇಲ್ಲಿನ ಮುಖ್ಯ ತಳಿ.

ಇನ್ನು ಈ ದಾರಿಗಳ ವಿಷಯ. ಇವು ಸೈಕಲ್‌ನೋರಿಗೆ ಅಂತ ಮಾಡಿದ್ದಲ್ಲ, ಇದನ್ನ ನಾನು ಎಲ್ಲರಿಗೂ ಹೇಳ್ತಾನೇ ಇರ್ತೀನಿ. ಕಾಡೊಳಗಿನ ಜಲ್ಲಿ ರಸ್ತೆ ಇರೋದು ಕಡಿದ ಮರ ಸಾಗಿಸೋ ಲಾರಿಗೆ, ದ್ರಾಕ್ಷಿ ತೋಟದ ಮಧ್ಯದ ಕಾಂಕ್ರೀಟ್ ದಾರಿ ಇರೋದು ಟ್ರ್ಯಾಕ್ಟರ್‌ಗೆ. ಲಾರಿ ಏರ್ಬೇಕಾದ್ರೆ ಚಡಾವು ತೀರಾ ಕಡಿದಾಗಿರಬಾರದು, ತಿರುವು ಅಗಲ ಇರ್ಬೇಕು, ಮಧ್ಯ ಸ್ವಲ್ಪ ಉಬ್ಬಿಸಿ ನೀರು ಎರಡೂ ಪಕ್ಕಕ್ಕೆ ಹರಿದು ಹೋಗೋ ಹಾಗೆ ಮಾಡಿರ್ಬೇಕು, ಇವೆಲ್ಲಾ ಜಲ್ಲಿ ಮೇಲೆ ತುಳಿಯೋ ಸೈಕಲ್‌ಗೂ ಬೇಕಾದ್ದೇ. ದಾರಿ ಶುರುವಾಗೋ ಕಡೆ ಒಂದು ಬಿಳಿ ದುಂಡು ಬೋರ್ಡ್, ಸುತ್ತ ಕೆಂಪು ಅಂಚು, ಒಳಗೆ ಮೇಲೆ ಮೋಟರ್‌ಸೈಕಲ್ ಕೆಳಗೆ ಕಾರು ಚಿತ್ರ, ಅಂದ್ರೆ ಎರಡಕ್ಕೂ ಪ್ರವೇಶ ಇಲ್ಲ. ಅದರ ಕೆಳಗೆ ಚಿಕ್ಕ ಪಟ್ಟಿ, ಅರಣ್ಯ ಮತ್ತು ಕೃಷಿ ಕೆಲಸದ ಗಾಡಿಗೆ ಮಾತ್ರ ಬಿಡುವು. ಒಂದು ತಗಡಿನ ಬೋರ್ಡು, ಕೆಲವು ಕಡೆ ಅಡ್ಡಕಂಬನೂ ಇಲ್ಲ, ಕಾವಲಿಗೆ ಯಾರೂ ಇಲ್ಲ, ಆದ್ರೂ ಜನ ಅದನ್ನ ಪಾಲಿಸ್ತಾರೆ. ನನಗೆ ಅದು ಈಗಲೂ ದೊಡ್ಡ ವಿಷಯ ಅನ್ಸತ್ತೆ.

ಕಾನೂನೂ ನಮ್ಮ ಪರ ಇದೆ. ಫಾಲ್ಟ್ಸ್ ಇರೋ ರಾಜ್ಯದ ಅರಣ್ಯ ಕಾಯ್ದೆ ಪ್ರಕಾರ ಕಾಡಿನ ಗಾಡಿದಾರಿಗಳಲ್ಲಿ ಯಾರು ಬೇಕಾದ್ರೂ ಸೈಕಲ್ ತುಳಿಬಹುದು, ಕಾಡು ಸರ್ಕಾರದ್ದಾಗ್ಲಿ ಖಾಸಗಿಯವರದ್ದಾಗ್ಲಿ. ಕಾಲುದಾರಿಗಳಿಗೆ ಈ ಸಲುಗೆ ಇಲ್ಲ, ಅವು ನಡೆಯೋರದ್ದು. ನದಿ ಈ ಕಡೆ ನಮ್ಮ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಇನ್ನೂ ನೇರವಾಗಿ, 2 ಮೀಟರ್‌ಗಿಂತ ಕಿರಿದಾದ ಕಾಡುದಾರಿಲಿ ಸೈಕಲ್ ಹೊಡೆಯಂಗಿಲ್ಲ ಅಂತ ಅಳತೆ ಹಾಕಿಟ್ಟಿದಾರೆ. ಮೌಂಟನ್ ಬೈಕ್‌ನೋರಿಗೆ ಇದರ ಮೇಲೆ ಸಿಟ್ಟಿದೆ, ಅವರ ವಾದದಲ್ಲೂ ಅರ್ಥ ಇದೆ, ಆದ್ರೆ ಜಲ್ಲಿ ದಾರಿ ಪ್ರಿಯರಿಗೆ ಇದ್ರಿಂದ ಏನೂ ನಷ್ಟ ಇಲ್ಲ, ನಮಗೆ ಬೇಕಾದ ದಾರಿ ಹೇಗಿದ್ರೂ ಅಗಲದ್ದೇ.

ನನಗೆ ತುಂಬಾ ಇಷ್ಟವಾದ ಸುತ್ತು ಅಂದ್ರೆ ನೊಯ್‌ಷ್ಟಾಟ್ ಸ್ಟೇಷನ್‌ನಿಂದ ಹೊರಟು ಕಾಲ್ಟೆನ್‌ಬ್ರುನರ್ ಕಣಿವೆ ಹಿಡಿದು ಮೇಲಕ್ಕೆ ಹೋಗೋದು. ಊರಿನ ಮನೆಗಳು ಮುಗಿದ ಸ್ವಲ್ಪ ಹೊತ್ತಿಗೆ ಟಾರ್ ಮುಗಿದು ಜಲ್ಲಿ ಶುರು, ಟೈರ್ ಕೆಳಗಿನ ಶಬ್ದ ಬದಲಾಗತ್ತೆ, ಹುರಿಗಾಳು ಅಗಿದಂಗೆ ಒಂದು ಕರಕರ, ಮೇಲೆ ಏರೋವರೆಗೂ ಅದೇ ನಮ್ಮ ಜೊತೆ. ಪಕ್ಕದಲ್ಲಿ ಸಣ್ಣ ತೊರೆ. ಮೊದಲು ಬೀಚ್ ಮರಗಳು, ನುಣ್ಣನೆ ಬೂದು ಕಾಂಡ, ಮೇ ತಿಂಗಳಲ್ಲಿ ಅವುಗಳ ಚಿಗುರೆಲೆ ಮೂಲಕ ಬರೋ ಬೆಳಕಿಗೆ ಒಂದು ತಿಳಿ ಹಸಿರು ಬಣ್ಣ ಇರತ್ತೆ, ಆಮೇಲೆ ಓಕ್, ಮೇಲೆ ಒಣ ಜಾಗಕ್ಕೆ ಬಂದ್ರೆ ಪೈನ್. ಪೈನ್ ಬಂತು ಅಂತ ನೋಡದೇನೇ ಗೊತ್ತಾಗತ್ತೆ, ಬಿಸಿಲಿಗೆ ಕಾದ ಅಂಟಿನ ವಾಸನೆ ಬರತ್ತೆ, ದಾರಿಲಿ ಮರಳು ಜಾಸ್ತಿ ಆಗತ್ತೆ.

ಹೋಗ್ತಾ ಹೋಗ್ತಾ ದಾರಿ ಪಕ್ಕ ಅಲ್ಲಲ್ಲಿ ಅಕ್ಷರ ಕೊರೆದಿರೋ ಮರಳುಗಲ್ಲಿನ ಬಂಡೆ ಸಿಗತ್ತೆ. ಇವಕ್ಕೆ ರಿಟರ್‌ಷ್ಟೈನ್ ಅಂತಾರೆ. ಇಲ್ಲಿ ಹಿಂದೆ ಅರಣ್ಯದೋರ ಮನೆ ಇತ್ತು, ಇಲ್ಲಿ ಕೋಟೆ ಕಂದಕ ಇತ್ತು, ಇಲ್ಲೊಂದು ಬುಗ್ಗೆ ಇದೆ, ಹೀಗೆ ಒಂದೋ ಎರಡೋ ಪದ, ಕೆಳಗೆ ಪಿ.ಡಬ್ಲ್ಯು.ವಿ. ಅಂತ ಮೂರಕ್ಷರ. ಅಂದ್ರೆ ಫೆಲ್ಟ್ಸರ್‌ವಾಲ್ಡ್ ಸಂಘ, ಕಾಡಲ್ಲಿ ಚಾರಣ ಮಾಡೋರದ್ದು, 1902ರಲ್ಲಿ ಶುರುವಾಗಿದ್ದು, ಅದರ ಮೊದಲ ಅಧ್ಯಕ್ಷರಾಗಿದ್ದ ಕಾರ್ಲ್ ಆಲ್ಬ್ರೆಖ್ಟ್ ಫಾನ್ ರಿಟರ್ ಅನ್ನೋ ಅರಣ್ಯಾಧಿಕಾರಿ ಹೆಸರೇ ಈ ಕಲ್ಲುಗಳಿಗೆ ಬಂದಿರೋದು. ಕಾಡಲ್ಲೆಲ್ಲಾ ಸೇರಿ 300ರ ಆಸುಪಾಸು ಇವೆ. ನಮ್ಮ ಕಡೆ ಊರೂರಲ್ಲಿ ವೀರಗಲ್ಲು, ಶಾಸನ ನೋಡಿ ಬೆಳೆದಿರೋ ನನಗೆ ದಾರಿ ಪಕ್ಕ ಕಲ್ಲು ಮಾತಾಡತ್ತೆ ಅಂದ್ರೆ ನಿಲ್ಲದೆ ಹೋಗೋಕಾಗಲ್ಲ, ಪ್ರತಿ ಕಲ್ಲಿಗೂ ಇಳಿದು ಓದಿಯೇ ಮುಂದಕ್ಕೆ.

ಜೊತೆಗೆ ಬರೋ ಗೆಳೆಯ ಧಾರವಾಡದೋನು. ಕಾರ್ ರಸ್ತೆಲಿ ಇಬ್ಬರು ಹೋದ್ರೆ ಒಬ್ಬರ ಹಿಂದೆ ಒಬ್ಬರು, ಮಾತು ಅಂದ್ರೆ ಗುಂಡಿ ಐತಿ, ಲಾರಿ ಬಂತು, ಅಷ್ಟೇ. ಇಲ್ಲಿ ಪಕ್ಕಪಕ್ಕ ಹೋಗ್ಬಹುದು, ಮನೆ ವಿಷಯ, ಕೆಲಸ, ವೀಸಾ, ಊರಲ್ಲಿ ಯಾರ ಮದುವೆ, ಎಲ್ಲಾ ಏರುತ್ತಾನೇ ಮಾತಾಡ್ಕೊಂಡು, ಉಸಿರು ಕಟ್ಟಿದಾಗ ಮಾತ್ರ ಸುಮ್ಮನಾಗೋದು. ಶುರುಶುರುವಿಗೆ ನಾನು ಆಗಾಗ ತಲೆ ತಿರುಗಿಸಿ ಹಿಂದೆ ನೋಡ್ತಿದ್ದೆ. ಅವನು ಒಂದಿನ ಅಂದ, "ಲೇ, ಹಿಂದ ಯಾರೂ ಬರಂಗಿಲ್ಲ, ಸುಮ್ನ ನಡಿ." ಆ ಮಾತು ನನಗೆ ಇನ್ನೂ ಕಿವಿಲಿದೆ.

ಕಣಿವೆ ತುದಿಲಿ ಹೆಲರ್‌ಹ್ಯೂಟೆ ಅನ್ನೋ ಹಟ್ಟಿ ಸಿಗತ್ತೆ, ಹಟ್ಟಿ ಅಂದ್ರೆ ಇಲ್ಲಿ ಕಾಡಲ್ಲಿ ಓಡಾಡೋರಿಗೆ ಊಟ, ಕುಡಿಯೋಕೆ ಸಿಗೋ ಮನೆ. ಈ ಹ್ಯೂಟೆಗಳ ಬಗ್ಗೆ ನಾಲ್ಕು ಮಾತು ಹೇಳ್ಲೇಬೇಕು, ಯಾಕಂದ್ರೆ ಇವಿಲ್ದೆ ಈ ಕಾಡು ಈ ಕಾಡಾಗಲ್ಲ. ಕಾಡೊಳಗೆ ಇಂಥ ಹಟ್ಟಿಗಳು ನೂರಕ್ಕೂ ಹೆಚ್ಚಿವೆ, ಎಷ್ಟೋ ಹಟ್ಟಿಗಳನ್ನ ಸಂಘದ ಸದಸ್ಯರೇ ಸರದಿ ಮೇಲೆ ಬಂದು ಸಂಬಳ ಇಲ್ದೆ ನಡೆಸ್ತಾರೆ, ಬೆಳಗ್ಗೆ ಬಂದು ಆಲೂಗಡ್ಡೆ ಬೇಯಿಸಿ, ಕೇಕ್ ತಂದಿಟ್ಟು, ಸಂಜೆ ಪಾತ್ರೆ ತೊಳೆದು ಮನೆಗೆ. 2021ರಲ್ಲಿ ಈ ಹಟ್ಟಿ ಸಂಸ್ಕೃತಿನ ಜರ್ಮನಿಯ ಅಮೂರ್ತ ಪರಂಪರೆ ಪಟ್ಟಿಗೆ ಸೇರಿಸಿದ್ರು. ಉದ್ದುದ್ದ ಬೆಂಚು, ಖಾಲಿ ಜಾಗ ಇದ್ರೆ ಯಾರ ಪಕ್ಕಾನಾದ್ರೂ ಕೂರ್ಬೇಕು, ಕೂತ ಮೇಲೆ ಪಕ್ಕದೋರು ಮಾತಾಡಿಸೇ ಮಾತಾಡಿಸ್ತಾರೆ. ಜರ್ಮನ್ನರು ಬಿಗುಮಾನದೋರು ಅಂತ ಹೇಳೋರು ಒಂದ್ಸಲ ಇಲ್ಲಿ ಬಂದು ಕೂತು ನೋಡ್ಬೇಕು. ಇಲ್ಲಿನ ವೈನ್‌ಗೆ ಸೋಡಾ ಬೆರೆಸಿ ಅರ್ಧ ಲೀಟರ್ ಗ್ಲಾಸಲ್ಲಿ ಕೊಡ್ತಾರೆ, ಗ್ಲಾಸ್ ಮೈಮೇಲೆಲ್ಲಾ ಬೆರಳು ಹಿಡಿಯೋಕೆ ದುಂಡು ಗುಳಿ, ಒಂದೇ ಗ್ಲಾಸ್ ಇಡೀ ಬೆಂಚು ಸುತ್ತಿ ಬರೋದೂ ಉಂಟು. ನಾನು ಸೈಕಲ್ ಮೇಲಿರೋವಾಗ ವೈನ್ ಮುಟ್ಟಲ್ಲ, ದ್ರಾಕ್ಷಿ ಜ್ಯೂಸಿಗೆ ಸೋಡಾ ಹಾಕಿಸ್ಕೊತೀನಿ, ಬಿಸಿಲಲ್ಲಿ ಏರಿ ಬಂದೋರಿಗೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಮಾಂಸ ತಿನ್ನದೋರಿಗೂ ಇಲ್ಲಿ ಊಟ ಇದೆ: ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ, ಜೊತೆಗೆ ಈರುಳ್ಳಿ ಸೊಪ್ಪು ಹಾಕಿ ಕಲಸಿದ, ನಮ್ಮ ಗಟ್ಟಿ ಮೊಸರಿನ ಥರದ ಕ್ವಾರ್ಕ್. ಉಪ್ಪು ಸ್ವಲ್ಪ ಜಾಸ್ತಿ ಹಾಕ್ಕೊಂಡ್ರೆ ಅಮೃತ. ಹಟ್ಟಿಗಳೆಲ್ಲಾ ದಿನಾ ತೆರೆದಿರಲ್ಲ, ಕೆಲವು ಬುಧವಾರ ಮತ್ತು ವಾರಾಂತ್ಯ ಮಾತ್ರ, ಹೊರಡೋ ಮುಂಚೆ ನೋಡ್ಕೊಂಡು ಹೋಗ್ಬೇಕು.

ಅಲ್ಲಿಂದ ದಕ್ಷಿಣಕ್ಕೆ ಹೋದ್ರೆ ಟೋಟೆನ್‌ಕಾಪ್ಫ್ ರಸ್ತೆ ದಾಟ್ಬೇಕು. ಅದು ಟಾರ್ ರಸ್ತೆ, ತಿರುವುಗಳು ಚೆನ್ನಾಗಿವೆ ಅಂತ ಬೈಕ್‌ನೋರು ಬರ್ತಾರೆ, ಕಾಡಿನ ಮೌನದಿಂದ ಹೊರಗೆ ಬಂದ ತಕ್ಷಣ ಆ ಇಂಜಿನ್ ಶಬ್ದ ಎದೆಗೆ ಹೊಡೆಯತ್ತೆ. ದಾಟೋಕೆ ಅರ್ಧ ನಿಮಿಷ, ಅಷ್ಟರಲ್ಲೇ ನನ್ನ ಹಳೇ ಬೆಂಗಳೂರು ಕಿವಿ ವಾಪಸ್ ಬಂದಿರತ್ತೆ. ಪಕ್ಕದ ಎಲ್ಮ್‌ಷ್ಟೈನ್ ಕಣಿವೆ ರಸ್ತೆಲಿ ಬೇಸಿಗೆ ಕಾಲದ ವಾರಾಂತ್ಯಗಳಲ್ಲಿ ಮೋಟರ್‌ಸೈಕಲ್‌ಗೆ ನಿಷೇಧನೇ ಹಾಕಿದಾರೆ, ಅಷ್ಟು ಅಪಘಾತ, ಅಷ್ಟು ಗಲಾಟೆ ಇತ್ತಂತೆ. ನನ್ನ ಕೇಳಿದ್ರೆ ಅದು ಸರಿಯಾದ ನಿರ್ಧಾರ.

ಆಮೇಲೆ ಎಡೆನ್‌ಕೋಬೆನ್ ಕಡೆ ಇಳಿಜಾರು. ಬ್ರೇಕ್ ಮೇಲೆ ಬೆರಳು, ತಿರುವಲ್ಲಿ ಮರಳು ಗುಡ್ಡೆ ಬಿದ್ದಿರತ್ತೆ, ಎದುರಿಗೆ ನಡೆಯೋರು, ಮಕ್ಕಳು, ನಾಯಿ. ದೂರದಿಂದಲೇ ಬೆಲ್ ಮಾಡಿ, ನಿಧಾನ ಮಾಡಿ, ಹಲೋ ಅಂತ ಹೇಳಿ ದಾಟ್ಬೇಕು. ಕಾರು ನಮ್ಮನ್ನ ಹೇಗೆ ದಾಟ್ಬೇಕು ಅಂತ ನಾವು ಬಯಸ್ತೀವೋ ನಡೆಯೋರನ್ನ ನಾವು ಹಾಗೇ ದಾಟ್ಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಇಳೀತಾ ಇಳೀತಾ ಕಾಡು ಬದಲಾಗತ್ತೆ. ಪೈನ್ ಹೋಗಿ ಚೆಸ್ಟ್‌ನಟ್ ಮರ ಬರತ್ತೆ, ಉದ್ದ ಎಲೆ, ಅಂಚಲ್ಲಿ ಗರಗಸದ ಹಲ್ಲು. ಇಲ್ಲಿನೋರು ಇದನ್ನ ಕೆಶ್ಟೆ ಅಂತಾರೆ. ರೋಮನ್ನರು ತಂದು ನೆಟ್ಟಿದ್ದಂತೆ, ಇದರ ಮರ ನೀರು ತೇವಕ್ಕೆ ಬೇಗ ಕೊಳೆಯಲ್ಲ ಅಂತ ಹಿಂದೆ ದ್ರಾಕ್ಷಿ ಬಳ್ಳಿ ಹಬ್ಬಿಸೋ ಗೂಟಕ್ಕೆ ಇದನ್ನೇ ಬಳಸ್ತಿದ್ರು, ಅದಕ್ಕೇ ಈ ಮರ ಸರಿಯಾಗಿ ಕಾಡಿನ ಅಂಚಲ್ಲಿ, ತೋಟದ ತಲೆ ಮೇಲೇನೇ ಇದೆ. ಅಕ್ಟೋಬರ್‌ನಲ್ಲಿ ಮುಳ್ಳು ಮುಳ್ಳು ಕಾಯಿ ದಾರಿ ತುಂಬಾ ಬಿದ್ದಿರತ್ತೆ, ಜನ ಚೀಲ ಹಿಡ್ಕೊಂಡು ಆರಿಸ್ತಿರ್ತಾರೆ. ನಾವೂ ಜೇಬು ತುಂಬ ಆರಿಸಿ ಮನೆಗೆ ತಂದು ಸೀಳಿ ಕಾವಲಿ ಮೇಲೆ ಸುಡ್ತೀವಿ.

ಚೆಸ್ಟ್‌ನಟ್ ಮುಗಿದ ಕೂಡಲೆ ಕಾಡು ಪಟ್ಟಂತ ನಿಲ್ಲತ್ತೆ. ಅಷ್ಟು ಹೊತ್ತು ನೆರಳು, ತಂಪು, ಹತ್ತಿರದ ನೋಟ, ಒಂದು ತಿರುವು ಕಳೆದ್ರೆ ಎದುರಿಗೆ ಇಡೀ ರೈನ್ ಬಯಲು. ದ್ರಾಕ್ಷಿ ಸಾಲುಗಳು ಕಾಲಡಿಯಿಂದ ಶುರುವಾಗಿ ಊರಿನ ಕೆಂಪು ಹೆಂಚಿನವರೆಗೆ, ಊರು ದಾಟಿ ಮತ್ತೆ ಸಾಲು, ಅದರಾಚೆ ಹೊಗೆಮಂಜಲ್ಲಿ ಆ ಕಡೆಯ ಓಡೆನ್‌ವಾಲ್ಡ್ ಬೆಟ್ಟ. ಮುಖಕ್ಕೆ ಬಿಸಿ ಗಾಳಿ ಬಡಿಯತ್ತೆ, ಕಾಡಿಗೂ ಇಲ್ಲಿಗೂ ಉಷ್ಣತೆ ವ್ಯತ್ಯಾಸ ಚರ್ಮಕ್ಕೇ ಗೊತ್ತಾಗತ್ತೆ. ಈ ಒಂದು ತಿರುವಿಗೋಸ್ಕರ ನಾನು ಇಡೀ ಬೆಟ್ಟ ಹತ್ತೋಕೆ ತಯಾರು. ಕೆಳಗಿಂದ ಕಾರಲ್ಲಿ ಬಂದು ಈ ತೋಟ ನೋಡಿದ್ರೆ ಚೆನ್ನಾಗಿದೆ ಅಂತಷ್ಟೇ ಅನ್ಸತ್ತೆ, ಮೇಲಿಂದ ಕಾಡಿನ ಕತ್ತಲೆ ದಾಟಿ ಬಂದ್ರೆ ಕಣ್ಣೇ ತುಂಬಿ ಬರತ್ತೆ.

ನಮ್ಮೂರು ಚಿಕ್ಕಬಳ್ಳಾಪುರದ ಹತ್ತಿರ, ಮನೇಲಿ ದ್ರಾಕ್ಷಿ ತೋಟ ಇದೆ, ಬೆಂಗಳೂರು ಬ್ಲೂ. ಹೋದ ಬೇಸಿಗೇಲಿ ಅಪ್ಪ ಬಂದಾಗ ಸಾಂಕ್ಟ್ ಮಾರ್ಟಿನ್ ಊರಿನ ತೋಟಗಳ ಮಧ್ಯೆ ನಡೆಸ್ಕೊಂಡು ಹೋಗಿದ್ದೆ. ಮೊದಲು ಕೇಳಿದ್ದೇ, "ಏನಪ್ಪಾ ಇದಕ್ಕೆ ಚಪ್ಪರಾನೇ ಇಲ್ವಲ್ಲೋ?" ನಮ್ಮ ಕಡೆ ಕಲ್ಲುಕಂಬ ನೆಟ್ಟು ತಲೆ ಮೇಲೆ ತಂತಿ ಚಪ್ಪರ ಹಾಕಿ ಬಳ್ಳಿ ಹಬ್ಬಿಸ್ತೀವಿ, ಎಲೆ ಮೇಲೆ, ಗೊನೆ ಕೆಳಗೆ ನೆರಳಲ್ಲಿ, ನಮ್ಮ ಬಿಸಿಲಿಗೆ ಅದೇ ಸರಿ. ಇಲ್ಲಿ ಬಿಸಿಲೇ ದುಬಾರಿ, ಅದಕ್ಕೆ ಬಳ್ಳಿನ ಬೇಲಿ ಥರ ನೇರ ನಿಲ್ಸಿ ಎರಡೂ ಮೈಗೆ ಬಿಸಿಲು ಬೀಳೋ ಹಾಗೆ ಮಾಡ್ತಾರೆ, ಸಾಲಿನ ಮಧ್ಯೆ ಕಿರಿದಾದ ಟ್ರ್ಯಾಕ್ಟರ್ ಹೋಗೋವಷ್ಟು ಜಾಗ ಬಿಟ್ಟಿರ್ತಾರೆ. ಅಪ್ಪ ಗೊನೆ ಕೆಳಗೆ ಕೈ ಇಟ್ಟು ತೂಕ ನೋಡಿದ್ರು. ನಾವು ವರ್ಷಕ್ಕೆ ಎರಡು ಸಲ ಕತ್ತರಿ ಹಾಕಿ ಎರಡು ಫಸಲು ತೆಗೀತೀವಿ, ಇವರಿಗೆ ಒಂದೇ ಫಸಲು, ಚಳಿಗಾಲ ಪೂರ್ತಿ ಬಳ್ಳಿ ನಿದ್ದೆ ಮಾಡತ್ತೆ ಅಂತ ಹೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಬಳ್ಳಿ ಬಾಳ ವರ್ಷ ಬಾಳ್ತದೆ ಬಿಡು" ಅಂದ್ರು. ಪಕ್ಕದ ರೋಟ್ ಊರಲ್ಲಿ ಸುಮಾರು 400 ವರ್ಷದ್ದು ಅಂತ ಹೇಳೋ ಬಳ್ಳಿಗಳಿವೆ, ಟ್ರಾಮಿನರ್ ತಳಿ, ಈಗಲೂ ಹಣ್ಣು ಬಿಡತ್ತೆ. ಅವತ್ತೇ ಅಲ್ಲಿಗೂ ಕರ್ಕೊಂಡು ಹೋದೆ. ದಪ್ಪ ತಿರುಚಿದ ಕಾಂಡ ಮುಟ್ಟಿ ಅಪ್ಪ ಕೈ ಮುಗಿದ್ರು.

ತೋಟದ ದಾರಿಗಳಿಗೂ ಒಂದು ಚರಿತ್ರೆ ಇದೆ. ಹಿಂದೆ ಒಬ್ಬೊಬ್ಬ ರೈತನ ಜಮೀನು ಹತ್ತು ಕಡೆ ಚೂರು ಚೂರಾಗಿ ಹಂಚಿಹೋಗಿತ್ತು, ಎರಡನೇ ಮಹಾಯುದ್ಧದ ಮೇಲೆ ದಶಕಗಳ ಕಾಲ ಜಮೀನು ಒಟ್ಟುಗೂಡಿಸೋ ಕಾರ್ಯಕ್ರಮ ನಡೆಸಿ ಚೂರುಗಳನ್ನ ಸೇರಿಸಿ, ಹೊಸದಾಗಿ ಎಲ್ಲೆ ಹಾಕಿ, ಪ್ರತಿ ತುಂಡಿಗೂ ದಾರಿ ಬಿಟ್ರು. ಆ ದಾರಿನೇ ಇವತ್ತು ನಮಗೆ ಸಿಗೋದು. ಎಡೆನ್‌ಕೋಬೆನ್‌ನಿಂದ ಸಾಂಕ್ಟ್ ಮಾರ್ಟಿನ್, ಮೈಕಾಮರ್, ಹಾಂಬಾಖ್ ಮೂಲಕ ನೊಯ್‌ಷ್ಟಾಟ್‌ವರೆಗೆ ಒಂದೂರಿಂದ ಇನ್ನೊಂದೂರಿಗೆ ಕಾರ್ ರಸ್ತೆನ ಹೆಚ್ಚುಕಮ್ಮಿ ಮುಟ್ಟದೇನೇ ಹೋಗ್ಬಹುದು. ಹಾಂಬಾಖ್ ಮೇಲಿನ ಕೋಟೆ ಎಡಕ್ಕೆ ಕಾಣ್ತಾನೇ ಇರತ್ತೆ, 1832ರ ಮೇನಲ್ಲಿ ಸಾವಿರಾರು ಜನ ಕಪ್ಪು-ಕೆಂಪು-ಹೊನ್ನಿನ ಬಾವುಟ ಹಿಡ್ಕೊಂಡು ಸ್ವಾತಂತ್ರ್ಯ, ಏಕತೆ ಬೇಕು ಅಂತ ಹತ್ತಿದ್ದು ಇದೇ ಬೆಟ್ಟ. ದ್ರಾಕ್ಷಿ ಊರುಗಳನ್ನ ಜೋಡಿಸೋ ಇಲ್ಲಿನ ವೈನ್ ರಸ್ತೆ 1935ರಲ್ಲಿ ಶುರುವಾಗಿದ್ದು, 85 ಕಿ.ಮೀ. ಉದ್ದ, ವರ್ಷ ಪೂರ್ತಿ ಕಾರು, ಆದ್ರೆ ಆಗಸ್ಟ್ ಕೊನೇ ಭಾನುವಾರ ಹೆಚ್ಚುಕಮ್ಮಿ ಇಡೀ ರಸ್ತೆನ ವಾಹನಗಳಿಗೆ ಮುಚ್ಚಿ ಸೈಕಲ್‌ನೋರಿಗೆ, ನಡೆಯೋರಿಗೆ ಬಿಡ್ತಾರೆ.

ಸೆಪ್ಟೆಂಬರ್, ಅಕ್ಟೋಬರ್ ಕೊಯ್ಲಿನ ಸಮಯ, ಆಗ ಬರೋರು ಒಂದು ನೆನಪಿಟ್ಕೊಳ್ಳಿ, ದಾರಿ ಅವರದ್ದು. ಕೊಯ್ಲು ಮೆಷಿನ್ ಸಾಲಿನ ಮೇಲೇನೇ ಕಾಲು ಚಾಚಿ ಬರತ್ತೆ, ಟ್ರ್ಯಾಕ್ಟರ್‌ಗಳು ಹಣ್ಣು ತುಂಬ್ಕೊಂಡು ಓಡ್ತಿರ್ತವೆ, ಒಂದು ಕಾಲು ಕೆಳಗಿಟ್ಟು ಪಕ್ಕಕ್ಕೆ ನಿಂತ್ಕೊಂಡ್ರೆ ಓಡಿಸೋರು ಕೈ ಎತ್ತಿ ಹೋಗ್ತಾರೆ. ಆಗಾಗ ಢಂ ಅಂತ ಗುಂಡು ಹೊಡೆದ ಶಬ್ದ ಬರತ್ತೆ, ಹೆದರಬೇಡಿ, ಹಣ್ಣು ತಿನ್ನೋಕೆ ಬರೋ ಹಕ್ಕಿ ಹಿಂಡು ಓಡಿಸೋಕೆ ಇಟ್ಟಿರೋ ಗ್ಯಾಸ್ ಪಟಾಕಿ.

ಸಾಮಾನಿನ ಬಗ್ಗೆ ಕೇಳೋರಿಗೆ: 40ರಿಂದ 45 ಎಂಎಂ ಟೈರ್ ಸಾಕು, ಗಾಳಿ ಟಾರ್ ರಸ್ತೆಗೆ ತುಂಬೋದಕ್ಕಿಂತ ತುಂಬಾ ಕಮ್ಮಿ ಇರ್ಲಿ, ಹಿಂದಿನ ದೊಡ್ಡ ಚಕ್ರಹಲ್ಲು ನಿಜವಾಗ್ಲೂ ದೊಡ್ಡದಿರ್ಲಿ, ನೊಯ್‌ಷ್ಟಾಟ್ ಇರೋದು 140 ಮೀಟರ್ ಆಸುಪಾಸು, ಕಾಲ್ಮಿಟ್ ಅನ್ನೋ ಅತಿ ಎತ್ತರದ ಬೆಟ್ಟ 673 ಮೀಟರ್. ದಾರಿ ಹುಡುಕೋಕೆ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಯಾವ ಆಪ್ ಆದ್ರೂ ಸರಿ, ಅದರಲ್ಲಿ ಗಾಡಿದಾರಿಗಳಿಗೆ 1ರಿಂದ 5ರವರೆಗೆ ದರ್ಜೆ ಕೊಟ್ಟಿರ್ತಾರೆ, 2 ಅಂದ್ರೆ ಗಟ್ಟಿ ಜಲ್ಲಿ, ನಮಗೆ ಬೇಕಾಗಿರೋದು ಅದು, 4-5 ಅಂದ್ರೆ ಹುಲ್ಲು, ಕೆಸರು. ಮಳೆ ನಿಂತ ಮೇಲೆ ಮರಳುಗಲ್ಲಿನ ನೆಲ ಬೇಗ ಒಣಗತ್ತೆ. ಚಳಿಗಾಲದಲ್ಲಿ ಮರ ಕಡಿಯೋ ಕೆಲಸ ನಡೀತಿರತ್ತೆ, ದಾರಿಗೆ ಅಡ್ಡ ಕೆಂಪು-ಬಿಳಿ ಪಟ್ಟಿ ಕಟ್ಟಿ ಜೀವಕ್ಕೆ ಅಪಾಯ ಅಂತ ಬರೆದಿದ್ರೆ ಭಾನುವಾರ ಆದ್ರೂ, ಯಾರೂ ಕಾಣದಿದ್ರೂ ವಾಪಸ್ ತಿರುಗಿ. ಅರ್ಧ ಕಡಿದ ಮರ ತಾನಾಗೇ ಬೀಳತ್ತೆ.

ನಂದಿ ಬೆಟ್ಟದ ನೆನಪು ಬರದೆ ಇರಲ್ಲ. ಭಾನುವಾರ ಬೆಳಗಿನ ಜಾವ ಬೆಂಗಳೂರಿಂದ ಎಷ್ಟೊಂದು ಜನ ಸೈಕಲ್‌ನೋರು ಅಲ್ಲಿಗೆ ಬರ್ತಾರೆ, ಅದೇ ಹೊತ್ತಿಗೆ ಸೂರ್ಯೋದಯ ನೋಡೋಕೆ ಕಾರು, ಬೈಕುಗಳ ಸಾಲು, ಹೊಗೆ ಕುಡ್ಕೊಂಡು ಹತ್ತೋದು. ಆದ್ರೆ ಬೆಟ್ಟದ ಬುಡದ ಊರುಗಳಲ್ಲಿ ದ್ರಾಕ್ಷಿ ಚಪ್ಪರಗಳ ಮಧ್ಯೆ ಬಂಡಿದಾರಿಗಳಿವೆ. ಕಂದಾಯ ಇಲಾಖೆಯ ಗ್ರಾಮ ನಕ್ಷೆಲಿ ಚುಕ್ಕೆ ಗೆರೆ ಹಾಕಿ ತೋರ್ಸಿರ್ತಾರಲ್ಲ, ನಕಾಶೆ ಕಂಡ ದಾರಿ ಅಂತ, ಅವೇ. ಯಾವ ರೈತನೂ ಅದನ್ನ ಮುಚ್ಚಂಗಿಲ್ಲ, ಆದ್ರೂ ಎಷ್ಟೋ ಕಡೆ ಉತ್ತು ಬದು ಸೇರಿಸ್ಕೊಂಡುಬಿಟ್ಟಿದಾರೆ, ಎಷ್ಟೋ ಕಡೆ ಲೇಔಟ್ ಬಂದಿದೆ. ಫಾಲ್ಟ್ಸ್‌ನಲ್ಲಿ ಒಂದು ಬೋರ್ಡು ಮಾಡೋ ಕೆಲಸ ನಮ್ಮಲ್ಲಿ ಒಂದು ಸರ್ವೆ, ಎರಡು ಕಲ್ಲು ನೆಟ್ರೆ ಆಗತ್ತೆ ಅಂತ ನನ್ನ ನಂಬಿಕೆ, ದಾರಿ ಉಳಿದ್ರೆ ಮೊದಲು ಲಾಭ ಗೊನೆ ಸಾಗಿಸೋ ರೈತಂಗೇ, ಸೈಕಲ್‌ನೋರು ಆಮೇಲೆ. ಈ ಸಲ ಊರಿಗೆ ಹೋದಾಗ ಅಪ್ಪನ ಹತ್ರ ನಮ್ಮೂರಿನ ನಕ್ಷೆ ತೆಗೆಸಿ ಯಾವ ಗೆರೆ ಇನ್ನೂ ದಾರಿಯಾಗಿದೆ ಅಂತ ಸೈಕಲ್ ಮೇಲೇ ನೋಡ್ಕೊಂಡು ಬರೋಣ ಅಂತಿದೀನಿ.

ಅದಕ್ಕೆ ಮುಂಚೆ ಇಲ್ಲೊಂದು ಸುತ್ತು ಬಾಕಿ ಇದೆ. ವೈನ್ ರಸ್ತೆಯ ದಕ್ಷಿಣದ ತುದಿ ಶ್ವೈಗೆನ್ ಅನ್ನೋ ಊರು, ಫ್ರಾನ್ಸ್ ಗಡಿಗೆ ಅಂಟಿಕೊಂಡೇ ಇದೆ. ಆ ಊರಿನ ರೈತರ ಎಷ್ಟೋ ದ್ರಾಕ್ಷಿ ಸಾಲುಗಳು ಗಡಿಯಾಚೆ ಫ್ರಾನ್ಸ್ ನೆಲದಲ್ಲೇ ಇವೆ, ಆದ್ರೂ ಅದರ ವೈನ್ ಫಾಲ್ಟ್ಸ್ ವೈನ್ ಅಂತಲೇ ಮಾರಾಟ ಆಗತ್ತೆ. ಗೇಟಿಲ್ಲ, ತೋಟದ ದಾರಿಲೇ ದೇಶ ದಾಟಿ ಕೆಳಗೆ ವಿಸೆಂಬೂರ್‌ಗೆ ಇಳೀಬಹುದು, ಅಲ್ಲಿಂದ ನೊಯ್‌ಷ್ಟಾಟ್‌ಗೆ ವಾಪಸ್ ಟ್ರೈನ್ ಇದೆ. ಧಾರವಾಡದೋನು ಈಗಾಗ್ಲೇ ಆ ಊರಿನ ಬೇಕರಿ ಯಾವಾಗ ತೆಗೀತಾರೆ ಅಂತ ನೋಡಿಟ್ಟಿದಾನೆ.